ಹಾಕಿದ ಕಡ್ಡಿಯನ್ನು ಮತ್ತೆ ಏಕೆ ತೆಗೆಯುತ್ತಾರೆ?
(ರೂಟ್ ಕೆನಾಲ್ ಚಿಕಿತ್ಸೆಗೆ ಬಂದವರಿಗೆ)

"ಹಾಕಿದ ಕಡ್ಡಿ ಮತ್ತ ಯಾಕ ತೆಗೀತೀರಿ? ಒಂದ ಹಲ್ಲಿಗೆ ಎಷ್ಟ ಸಲ ಎಕ್ಸ್‌ರೇ?" ಎಂದು ರೂಟ್ ಕೆನಾಲ್ ಚಿಕಿತ್ಸೆಗೆ ಬಂದವರು ಕೇಳುವುದುಂಟು. ಬಾಯಿ ತೆರೆದು ಕುಳಿತವರಿಗೆ ಐದು ನಿಮಿಷವೂ ಅರ್ಧ ಗಂಟೆಯಂತೆ ತೋರುತ್ತದೆ, ಪ್ರಶ್ನೆ ಸಹಜವೇ.

ಹಲ್ಲಿನ ಬೇರಿನೊಳಗೆ ನರ, ರಕ್ತನಾಳಗಳಿರುವ ಸಣ್ಣ ಕೊಳವೆ ಇರುತ್ತದೆ. ಹುಳುಕು ಅಲ್ಲಿಗೆ ಇಳಿದರೆ ಕೆಟ್ಟ ಭಾಗವನ್ನು ಫೈಲ್ ಎಂಬ ಸೂಜಿಯಂಥ ಉಪಕರಣದಿಂದ ಕೆರೆದು, ತೊಳೆದು, ಖಾಲಿಯಾದ ಜಾಗವನ್ನು ತುಂಬಬೇಕು. ತುಂಬುವುದು ಗಟ್ಟಾ ಪರ್ಚಾ ಎಂಬ ತೆಳ್ಳನೆಯ ಕಡ್ಡಿಯಿಂದ. ಇದು ಆಗ್ನೇಯ ಏಷ್ಯಾದ ಒಂದು ಮರದ ಹಾಲಿನಿಂದ ಬರುವ, ರಬ್ಬರಿನ ಬಳಗದ ವಸ್ತು. ಕಡ್ಡಿಯಲ್ಲಿ ಅದರ ಪಾಲು ಸುಮಾರು ಐದರಲ್ಲೊಂದು. ಹೆಚ್ಚಿನದು ಸತುವಿನ ಆಕ್ಸೈಡ್.

ಕಡ್ಡಿಗಳಿಗೆ ನಂಬರು, ಬಣ್ಣ ಇರುತ್ತವೆ: 20 ಹಳದಿ, 25 ಕೆಂಪು, 30 ನೀಲಿ. 25 ಎಂದರೆ ತುದಿಯ ದಪ್ಪ 0.25 ಮಿ.ಮೀ. ಹಿಂದೆ ಕಂಪನಿಗೊಂದು ಅಳತೆ ಇತ್ತು. ಎಲ್ಲರದೂ ಒಂದೇ ಅಳತೆ ಇರಲೆಂದು 1958ರಲ್ಲಿ ಅಮೆರಿಕದ ದಂತವೈದ್ಯ ಜಾನ್ ಇಂಗಲ್ ಮತ್ತು ಅವರ ಸಹೋದ್ಯೋಗಿ ಸೂಚಿಸಿದರು. ಮುಂದೆ ಅದೇ ಅಂತರರಾಷ್ಟ್ರೀಯ ಮಾನದಂಡಕ್ಕೆ ಆಧಾರವಾಯಿತು.

ಆದರೆ ಆ ಮಾನದಂಡವೂ ಸ್ವಲ್ಪ ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿದೆ. ಲೋಹದ ಫೈಲ್‌ಗೆ 0.02 ಮಿ.ಮೀ., 25 ನಂಬರಿನ ಕಡ್ಡಿಗೆ 0.05 ಮಿ.ಮೀ. ಅಂದರೆ ಆ ಕಡ್ಡಿ 0.20 ಇದ್ದರೂ ಸರಿ, 0.30 ಇದ್ದರೂ ಸರಿ! ಕೆಂಪು ಗುರುತಿನದು ನಿಜದಲ್ಲಿ ಹಳದಿಯಷ್ಟೋ ನೀಲಿಯಷ್ಟೋ ಇರಬಹುದು. ಒಂದೇ ಡಬ್ಬಿಯ ಎರಡು ಕಡ್ಡಿಗಳೂ ಒಂದೇ ಸಮ ಇರಲಿಕ್ಕಿಲ್ಲ. ಮಾಲು ಕಳಪೆ ಎಂದಲ್ಲ. ಮೆತ್ತನೆಯ ವಸ್ತುವನ್ನು ಇಷ್ಟು ತೆಳ್ಳಗೆ ಮಾಡುವುದೇ ಕಷ್ಟ.

ಕಡ್ಡಿ ದಪ್ಪವಾದರೆ ಬೇರಿನ ತುದಿ ಮುಟ್ಟದೆ ಕೆಳಗೆ ಖಾಲಿ ಉಳಿಯುತ್ತದೆ. ತೆಳ್ಳಗಾದರೆ ತುದಿ ದಾಟಿ ಹೊರಗೆ ಹೋಗಬಹುದು, ಇಲ್ಲವೆ ಸುತ್ತ ಸಂದು ಬಿಡಬಹುದು. ಅಂಥ ಜಾಗದಲ್ಲಿ ರೋಗಾಣು ಉಳಿದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಕೀವು ಕಾಣಿಸಿಕೊಳ್ಳುತ್ತದೆ. ಕಡ್ಡಿಯೊಂದಿಗೆ ಹಚ್ಚುವ ಲೇಪ ಸಣ್ಣ ಸಂದುಗಳನ್ನಷ್ಟೇ ಮುಚ್ಚುತ್ತದೆ. ದೊಡ್ಡ ಸಂದಿಗೆ ಅದನ್ನೇ ನಂಬುವಂತಿಲ್ಲ.

ಆದ್ದರಿಂದ ವೈದ್ಯರು ಡಬ್ಬಿಯ ನಂಬರಿಗಿಂತ ತಮ್ಮ ಕೈಯನ್ನು ನಂಬುತ್ತಾರೆ. ಕಡ್ಡಿಯನ್ನು ಇಳಿಸಿ ಮೆಲ್ಲಗೆ ಎಳೆದಾಗ ತುಸು ಹಿಡಿದಂತಾಗಬೇಕು. ಎಕ್ಸ್‌ರೇಯಲ್ಲಿ ಅದು ಬೇರಿನ ತುದಿಯ ಹತ್ತಿರ ನಿಂತಿದ್ದು ಕಾಣಬೇಕು. ಹಾಗಾಗದಿದ್ದರೆ ತುದಿಯನ್ನು ಅರ್ಧ ಮಿ.ಮೀ. ಕತ್ತರಿಸುತ್ತಾರೆ, ಇಲ್ಲವೆ ಬೇರೆ ಕಡ್ಡಿ ತೆಗೆದುಕೊಳ್ಳುತ್ತಾರೆ. ಹಲ್ಲಿನ ಎಕ್ಸ್‌ರೇಯಲ್ಲಿ ವಿಕಿರಣ ಬಹಳ ಕಡಿಮೆ. ಗರ್ಭಿಣಿಯರು ಮಾತ್ರ ಮೊದಲೇ ತಿಳಿಸಬೇಕು.

ಮೊದಲ ಸಲಕ್ಕೇ ನೋವು ನಿಂತಿತೆಂದು ಮತ್ತೆ ಬಾರದೆ ಉಳಿಯುವವರಿದ್ದಾರೆ. ನಾಳ ಇನ್ನೂ ತುಂಬಿರುವುದಿಲ್ಲ, ತಾತ್ಕಾಲಿಕ ಸಿಮೆಂಟ್ ಬಹಳ ದಿನ ತಾಳುವುದೂ ಇಲ್ಲ. ಜೊತೆಗಿರುವ ಮನೆಯವರು ಹೇಳಿದ ತಾರೀಖಿಗೆ ರೋಗಿಯನ್ನು ತಪ್ಪದೆ ಕರೆತರಬೇಕು. ತುಂಬಿದ ಮೇಲೆ ಎರಡು ಮೂರು ದಿನ ಅಗಿಯುವಾಗ ನೋವಿದ್ದರೆ ಗಾಬರಿ ಬೇಡ. ಊತ ಅಥವಾ ಜ್ವರ ಬಂದರೆ ತಾರೀಖಿಗೆ ಕಾಯದೆ ಅಂದೇ ಬನ್ನಿ.