ಮನೆಯಂಗಳದಲ್ಲಿ ಇದ್ದಿಲಿನ ಹೊಗೆ ಒಲೆ

ಮಂಗಳೂರಿನ ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಮೇಲೆ ಒಂದು ಅಟ್ಟವಿರುತ್ತಿತ್ತು. ಮಳೆಗಾಲಕ್ಕೆಂದು ತೆಗೆದಿಟ್ಟ ಒಣಮೀನು, ಕೊಬ್ಬರಿ, ಬಿತ್ತನೆಯ ಬೀಜ ಇವೆಲ್ಲ ಆ ಅಟ್ಟದಲ್ಲಿ ಹೊಗೆ ಹಿಡಿದು ಕೆಡದೆ ಉಳಿಯುತ್ತಿದ್ದವು. ಅಡುಗೆ ಅನಿಲ ಬಂದ ಮೇಲೆ ಅಟ್ಟವೂ ಹೋಯಿತು, ಹೊಗೆಯೂ ಹೋಯಿತು. ಈಚೆಗೆ ಅದೇ ಹೊಗೆ ಮತ್ತೊಂದು ರೂಪದಲ್ಲಿ ಅಂಗಳಕ್ಕೆ ಮರಳುತ್ತಿದೆ. ಮುಚ್ಚಳವುಳ್ಳ ಇದ್ದಿಲಿನ ಹೊಗೆ ಒಲೆಯನ್ನು ಕೊಂಡು ಅಥವಾ ಹಳೆಯ ಡ್ರಮ್ಮಿನಿಂದ ಮಾಡಿಸಿಕೊಂಡು, ಬಂಗುಡೆ, ಕೋಳಿ ಮುಂತಾದವನ್ನು ಬೇಯಿಸುವವರು ನಗರದಲ್ಲೂ ಸುತ್ತಲಿನ ತೋಟದ ಮನೆಗಳಲ್ಲೂ ಇದ್ದಾರೆ. ತೆಂಗಿನ ಚಿಪ್ಪು ಕೈಗೆಟಕುವ ಈ ಜಿಲ್ಲೆಯಲ್ಲಿ ಉರುವಲಿಗೆ ಕೊರತೆಯಿಲ್ಲ. ಆದರೆ ಈ ಒಲೆಯ ರೀತಿ ಸಾಮಾನ್ಯ ಒಲೆಯ ರೀತಿಯಲ್ಲ. ಇದರಲ್ಲಿ ಬೆಂಕಿಯನ್ನು ಊದಿ ಏಳಿಸುವುದಕ್ಕಿಂತ ಅದರ ಉಸಿರನ್ನು ಹಿಡಿದಿಡುವುದೇ ಮುಖ್ಯ.

ಹೊಗೆ ಒಲೆಯಲ್ಲಿ ಮೂರು ಭಾಗಗಳುಂಟು: ಕೆಳಗೆ ಕೆಂಡದ ಬುಟ್ಟಿ, ಮೇಲೆ ಆಹಾರವಿಡುವ ಸರಳು ತಟ್ಟೆ, ಅದರ ಮೇಲೆ ಬಿಗಿಯಾಗಿ ಕೂರುವ ಮುಚ್ಚಳ. ಕೆಳಗೊಂದು ಗಾಳಿಕಂಡಿ, ಮುಚ್ಚಳದಲ್ಲೊಂದು ಹೊಗೆಕಂಡಿ. ಕೆಂಡಕ್ಕೂ ತಟ್ಟೆಗೂ ನಡುವೆ ಕನಿಷ್ಠ 45 ಸೆಂ.ಮೀ. ಅಂತರವಿದ್ದರೆ ಒಳ್ಳೆಯದು. 200 ಲೀಟರಿನ ಕಬ್ಬಿಣದ ಡ್ರಮ್ಮಿನಲ್ಲಿ ಇದು ಸುಲಭವಾಗಿ ಸಿಗುತ್ತದೆ. ಆದರೆ ಎಲ್ಲ ಡ್ರಮ್ಮುಗಳೂ ಇದಕ್ಕೆ ಯೋಗ್ಯವಲ್ಲ. ಕೀಟನಾಶಕ, ಡಾಂಬರು ಅಥವಾ ಯಾವುದೇ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟೇ ತೊಳೆದರೂ ಬಳಸಕೂಡದು. ಸತುವಿನ ಲೇಪವಿರುವ ತಗಡು ಮತ್ತು ಜಾಲರಿ ಸಹ ಬೇಡ. ಬಲವಾಗಿ ಕಾದಾಗ ಅದರಿಂದ ಏಳುವ ಸತುವಿನ ಹೊಗೆ ಜ್ವರ, ಮೈಕೈ ನೋವು ತರುತ್ತದೆ. ಖಾದ್ಯ ಎಣ್ಣೆ ತುಂಬಿದ್ದ ಡ್ರಮ್ಮಿನ ಒಳಬಣ್ಣವನ್ನೂ ಮೊದಲು ಬಲವಾದ ಸೌದೆ ಬೆಂಕಿಯಲ್ಲಿ ಸುಟ್ಟು, ಉಜ್ಜಿ ತೆಗೆಯಬೇಕು.

ಇದ್ದಿಲು ಮತ್ತು ಹೊಗೆಯ ಸೌದೆ

ಇದ್ದಿಲು ಶಾಖವನ್ನು ಕೊಡುತ್ತದೆ, ಸೌದೆ ಪರಿಮಳವನ್ನು ಕೊಡುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು. ಚಿಪ್ಪಿನ ಇದ್ದಿಲು ಹೊತ್ತಿಕೊಳ್ಳಲು ತುಸು ತಡವಾದರೂ ಹೊತ್ತಿದ ಮೇಲೆ ದೀರ್ಘಕಾಲ ಸಮನಾಗಿ ಉರಿಯುತ್ತದೆ, ಬೂದಿಯೂ ಕಡಿಮೆ. ಕರಾವಳಿಯ ಗಾಳಿಯಲ್ಲಿ ಇದ್ದಿಲು ಬಹುಬೇಗ ತೇವ ಹೀರುತ್ತದೆ. ಆದ್ದರಿಂದ ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು, ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಒಮ್ಮೆ ಹರಡುವುದು ಮೇಲು.

ಹೊಗೆಗೆ ಮಾವು, ಹಲಸು, ಪೇರಳೆ ಮರಗಳ ಒಣತುಂಡುಗಳು ಅಥವಾ ಹಸಿಯಲ್ಲದ ತೆಂಗಿನ ಚಿಪ್ಪು ಉತ್ತಮ. ಪ್ಲೈವುಡ್, ಬಣ್ಣ ಬಳಿದ ಹಲಗೆ, ಔಷಧಿ ಹಾಕಿದ ರಬ್ಬರು ಮರ ಇವು ಕೂಡದು. ಗೋಡಂಬಿಯ ಕಾರ್ಖಾನೆಗಳಿರುವ ಊರಾದ್ದರಿಂದ ಇನ್ನೊಂದು ಮಾತು ಹೇಳಬೇಕು: ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆಂದು ಕೆಲವರು ಅದನ್ನೇ ಹಾಕುವುದುಂಟು. ಅದರೊಳಗಿನ ಎಣ್ಣೆ ಚರ್ಮವನ್ನು ಸುಡುವಂಥದು. ಅದರ ಹೊಗೆ ಆಹಾರಕ್ಕಾಗಲಿ ಕಣ್ಣಿಗಾಗಲಿ ತಕ್ಕದ್ದಲ್ಲ.

ಹೊತ್ತಿಸುವ ಕ್ರಮ

ಸೀಮೆಎಣ್ಣೆ ಸುರಿದು ಹೊತ್ತಿಸಿದ ಒಲೆಯಲ್ಲಿ ಬೆಂದ ಮೀನಿಗೆ ಸೀಮೆಎಣ್ಣೆಯದೇ ವಾಸನೆ. ಇದಕ್ಕೆ ಬದಲಾಗಿ ಎರಡೂ ತುದಿ ತೆರೆದ ದೊಡ್ಡ ತಗಡಿನ ಡಬ್ಬಿಯೊಂದನ್ನು ಸಿದ್ಧಪಡಿಸಿಕೊಳ್ಳಬೇಕು. ಬುಡದಲ್ಲಿ ಸುತ್ತಲೂ ರಂಧ್ರ ಕೊರೆದು, ಬುಡದಿಂದ ನಾಲ್ಕು ಬೆರಳು ಮೇಲೆ ಎರಡು ಕಬ್ಬಿಣದ ಕಡ್ಡಿ ಅಡ್ಡ ಹಾಯಿಸಿದರೆ ಸಾಕು. ಕಡ್ಡಿಗಳ ಕೆಳಗೆ ಒಣ ಮಡಲಿನ ಸೂಟೆ ಅಥವಾ ಕಾಗದ, ಮೇಲೆ ಇದ್ದಿಲು. ಕೆಳಗಿನಿಂದ ಕಿಚ್ಚು ಹಚ್ಚಿದರೆ ಡಬ್ಬಿಯೇ ಚಿಮಣಿಯಾಗಿ ಗಾಳಿ ಸೆಳೆದು, 15-20 ನಿಮಿಷಗಳಲ್ಲಿ ಇದ್ದಿಲಿನ ಅಂಚಿಗೆ ಬಿಳಿ ಬೂದಿ ಕಟ್ಟುತ್ತದೆ.

ಬುಟ್ಟಿಯ ಇದ್ದಿಲನ್ನೆಲ್ಲ ಒಮ್ಮೆಲೇ ಹೊತ್ತಿಸಬಾರದು. ಬುಟ್ಟಿಯಲ್ಲಿ ಹೊತ್ತದ ಇದ್ದಿಲನ್ನು ತುಂಬಿ, ಅದರ ನಡುವೆ ಮೂರು ನಾಲ್ಕು ತುಂಡು ಒಣಸೌದೆ ಹುದುಗಿಸಿ, ಮೇಲೆ ಎಂಟು ಹತ್ತು ಕೆಂಡಗಳನ್ನಷ್ಟೆ ಇಡಬೇಕು. ಬೆಂಕಿ ನಿಧಾನವಾಗಿ ಕೆಳಗಿಳಿಯುತ್ತ ಗಂಟೆಗಟ್ಟಲೆ ನಡೆಯುತ್ತದೆ. ಮೊದಲಿಗೆ ಏಳುವ ದಟ್ಟ ಬಿಳಿ ಹೊಗೆ ಕಹಿ. ಆಗ ಆಹಾರ ಒಳಗಿಡುವ ಆತುರ ಬೇಡ. ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಒಲೆ ಸಿದ್ಧವಾಯಿತೆಂದು ತಿಳಿಯಬಹುದು. ಹೊಗೆಕಂಡಿಯನ್ನು ಸದಾ ತೆರೆದಿಟ್ಟು, ಶಾಖವನ್ನು ಕೆಳಗಿನ ಗಾಳಿಕಂಡಿಯಿಂದಲೇ ಹೆಚ್ಚುಕಡಿಮೆ ಮಾಡಬೇಕು. ಹೊಗೆ ನಿಲ್ಲಲೆಂದು ಮೇಲಿನ ಕಂಡಿ ಮುಚ್ಚುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು; ಇದರಿಂದ ಮಸಿ ಆಹಾರದ ಮೇಲೆ ಕೂರುತ್ತದೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿದರೂ ಆಹಾರಕ್ಕೆ ಹಾನಿಕರ ವಸ್ತುಗಳು ಸೇರುತ್ತವೆ. ಆದ್ದರಿಂದ ಕೆಂಡದ ಮೇಲೆ ನೀರಿನ ತಟ್ಟೆಯೊಂದನ್ನು ಅಡ್ಡವಿಡಬೇಕು.

ಬಂಗುಡೆಗೆ ಹೊಗೆ

ಆಗಸ್ಟ್ ತಿಂಗಳಿಂದ, ಅಂದರೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಮುಗಿದ ಮೇಲೆ, ಧಕ್ಕೆಗೆ ಮತ್ತೆ ದೋಣಿಗಳು ಬರತೊಡಗುತ್ತವೆ. ಬಂಗುಡೆ ಅಗ್ಗವಾದ ದಿನ ಐದಾರು ಕಿಲೋ ಕೊಂಡು ಹೊಗೆಯಾಡಿಸುವ ಆಸೆ ಸಹಜ. ಇಲ್ಲಿ ಗಮನಿಸಬೇಕಾದ್ದು ತಾಜಾತನ. ಬಂಗುಡೆ, ಕೇದರ ಮುಂತಾದ ಮೀನುಗಳನ್ನು ಬಿಸಿಯಲ್ಲಿ ಕೆಲವು ಗಂಟೆ ಬಿಟ್ಟರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಸ್ತು ಹುಟ್ಟುತ್ತದೆ. ಇದು ಬೇಯಿಸಿದರೂ ಹೊಗೆಯಾಡಿಸಿದರೂ ನಾಶವಾಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ತುರಿಕೆ, ವಾಂತಿ ಬರಬಹುದು. ಆದ್ದರಿಂದ ಧಕ್ಕೆಯಿಂದಲೇ ಮೀನಿನಷ್ಟೇ ತೂಕದ ಪುಡಿಮಂಜುಗಡ್ಡೆ ಹಾಕಿ ತರತಕ್ಕದ್ದು.

ಮೀನಿನ ಕಿವಿರು, ಕರುಳು ತೆಗೆದು, ಬೆನ್ನು ಸೀಳಿ, ತೊಳೆದು, ಲೀಟರಿಗೆ 100 ಗ್ರಾಂ ಉಪ್ಪು ಹಾಕಿದ ತಣ್ಣನೆಯ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ಇಡಬೇಕು. ಅನಂತರ ನೀರು ಬಸಿದು, ನೊಣ ಕೂರದಂತೆ ಬಲೆ ಮುಚ್ಚಿ, ನೆರಳಿನಲ್ಲಿ ಆರಲು ಬಿಡಬೇಕು. ತೇವದ ದಿನಗಳಲ್ಲಿ ಫ್ಯಾನಿನ ಗಾಳಿ ಬೇಕು. ಬೆರಳು ಮುಟ್ಟಿದರೆ ಅಂಟುವಂಥ ತೆಳುಪೊರೆ ಮೇಲೆ ಕಟ್ಟಿದಾಗ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಒದ್ದೆ ಮೀನಿಗೆ ಹಿಡಿಯುವುದು ಮಸಿ ಮಾತ್ರ. ಮೊದಲ ಅರ್ಧ ಗಂಟೆ ಒಲೆಯ ಶಾಖ 50° ಸೆಂ. ಆಸುಪಾಸಿನಲ್ಲಿರಲಿ. ಒಮ್ಮೆಲೇ ಕಾಯಿಸಿದರೆ ಹೊರಪದರ ಗಟ್ಟಿಯಾಗಿ, ಒಳಗಿನ ರಸ ಬಿಳಿ ಗಸಿಯಾಗಿ ಹೊರಬರುತ್ತದೆ. ಬಳಿಕ 90-100 ಡಿಗ್ರಿಗೆ ಏರಿಸಿ, ಮೀನಿನ ದಪ್ಪಭಾಗದ ಒಳಶಾಖ 65 ಡಿಗ್ರಿಗೆ ಕಡಿಮೆಯಾಗದಂತೆ ಅರ್ಧ ಗಂಟೆ ಉಳಿಸಬೇಕು. ಚುಚ್ಚಿ ನೋಡುವ ಉಷ್ಣಮಾಪಕವಿಲ್ಲದೆ ಈ ಕೆಲಸ ಅಂದಾಜಿನದಾಗುತ್ತದೆ. ಕೋಳಿಯಾದರೆ 110-130 ಡಿಗ್ರಿ ಒಲೆಯಲ್ಲಿ, ತೊಡೆಯ ಒಳಶಾಖ 75 ಡಿಗ್ರಿ ಮುಟ್ಟುವ ತನಕ.

ಹೊಗೆ ಹಿಡಿದ ಮೀನು ಕೆಡುವುದಿಲ್ಲವೆಂಬ ನಂಬಿಕೆ ಅನೇಕರಲ್ಲಿದೆ. ಇದು ಅಟ್ಟದ ಕಾಲದ ಮಾತು. ಅಟ್ಟದ ಮೀನನ್ನು ಉಳಿಸುತ್ತಿದ್ದುದು ಹೆಚ್ಚಾಗಿ ಉಪ್ಪು ಮತ್ತು ಒಣಗಿಕೆ, ಹೊಗೆ ಸಹಾಯಕ ಮಾತ್ರ. ಲಕ್ಷದ್ವೀಪದ ಮಾಸ್‌ಮೀನ್ ಇದಕ್ಕೆ ನಿದರ್ಶನ. (ಆ ದ್ವೀಪಗಳ ಪೈಕಿ ಅಮಿನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿತ್ತು.) ಅಲ್ಲಿ ಕೇದರ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿನಲ್ಲಿ ಕಟ್ಟಿಗೆಯಂತೆ ಒಣಗಿಸುತ್ತಾರೆ, ಅದು ತಿಂಗಳುಗಟ್ಟಲೆ ಇರುತ್ತದೆ. ಅಂಗಳದ ಒಲೆಯಲ್ಲಿ ಎರಡು ಮೂರು ಗಂಟೆ ಬೆಂದ ಬಂಗುಡೆಯಲ್ಲಿ ನೀರಿನಂಶ ಬಹಳಷ್ಟು ಉಳಿದಿರುತ್ತದೆ. ಅದನ್ನು ಆರಿಸಿ ಶೀತಕಪೆಟ್ಟಿಗೆಯಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ತಿನ್ನಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಹೊರಗಿಡುವುದು ಪ್ರಾಣಾಪಾಯಕರ. ಗಾಳಿಯಿಲ್ಲದೆಡೆ ಬೆಳೆಯುವ ಬೊಟುಲಿನಮ್ ಜೀವಾಣುವಿನ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ. ಶೀತದೇಶಗಳಲ್ಲಿ 30 ಡಿಗ್ರಿಗಿಂತ ಕೆಳಗೆ ಮೀನಿಗೆ ತಣ್ಣನೆಯ ಹೊಗೆ ಕೊಡುವ ಪದ್ಧತಿಯಿದೆ. ಮಂಗಳೂರಿನಲ್ಲಿ ಬೆಂಕಿ ಹಚ್ಚುವ ಮುನ್ನವೇ ಡ್ರಮ್ಮಿನೊಳಗೆ ಅಷ್ಟು ಬಿಸಿಯಿರುವುದರಿಂದ ಆ ಪ್ರಯತ್ನ ಬೇಡ.

ಮಳೆ ಬಂದಾಗ

ಜಡಿಮಳೆಯಲ್ಲಿ ಒಲೆಯನ್ನು ಕಾರು ನಿಲ್ಲಿಸುವ ಕೋಣೆಗೋ ಮುಚ್ಚಿದ ಬಾಲ್ಕನಿಗೋ ಎಳೆದು ತರುವವರಿದ್ದಾರೆ. ಇದನ್ನು ಎಂದೂ ಮಾಡಕೂಡದು. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಇಂಗಾಲದ ಮಾನಾಕ್ಸೈಡ್ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ ಕೆಂಡವೂ ಅದನ್ನು ಬಿಡುತ್ತದೆ. ತಲೆನೋವು, ತಲೆಸುತ್ತು, ನಿದ್ದೆಯ ಮಂಪರು ಅದರ ಮೊದಲ ಲಕ್ಷಣಗಳು. ಕಿಟಕಿ ತೆರೆದಿದ್ದರೆ ಸಾಕೆಂಬ ಭಾವನೆ ಸರಿಯಲ್ಲ. ಕೆಲಸ ಮುಗಿದ ಒಲೆಯನ್ನು ರಾತ್ರಿ ಒಳಗಿಡುವುದೂ ಅಷ್ಟೇ ಅಪಾಯ. ಯಾರಿಗಾದರೂ ಲಕ್ಷಣ ಕಂಡರೆ ಬಯಲಿಗೆ ಕರೆತಂದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಒಲೆಯ ಆರೈಕೆ

ಕೆಲಸ ಮುಗಿದೊಡನೆ ಎರಡೂ ಕಂಡಿ ಮುಚ್ಚಿದರೆ ಕೆಂಡ ನಂದಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಒದಗುತ್ತದೆ. ನೀರು ಎರಚಿದರೆ ಕಬ್ಬಿಣ ಬಾಗುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಡ್ರಮ್ಮನ್ನು ತಿನ್ನುವುದು ಬೆಂಕಿಗಿಂತ ಹೆಚ್ಚಾಗಿ ಒಳಗುಳಿದ ಒದ್ದೆ ಬೂದಿ. ಪ್ರತಿಸಲವೂ ಮರುದಿನ ಬೂದಿ ತೆಗೆದು, ತಟ್ಟೆಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜಬೇಕು. ತಂತಿ ಬ್ರಷ್ಷಿನ ಎಳೆ ಮುರಿದು ಆಹಾರದೊಂದಿಗೆ ಹೊಟ್ಟೆ ಸೇರುವ ಸಂಭವವಿದೆ. ಬಳಿಕ ತೆಳ್ಳಗೆ ಎಣ್ಣೆ ಸವರಿ ಕಾಯಿಸಿದರೆ ತುಕ್ಕು ತಡೆಯುವ ಪೊರೆ ಕಟ್ಟುತ್ತದೆ. ಕರಾವಳಿಯವರ ಕೈ ಇದಕ್ಕೂ ತೆಂಗಿನೆಣ್ಣೆಗೇ ಹೋಗುತ್ತದೆ. ಆದರೆ ತೆಂಗಿನೆಣ್ಣೆ ಕಾದಾಗ ಗಟ್ಟಿ ಪೊರೆಯಾಗುವ ಗುಣದ್ದಲ್ಲ; ಸೂರ್ಯಕಾಂತಿ ಅಥವಾ ಎಳ್ಳೆಣ್ಣೆ ಮೇಲು.

ಬೂದಿಯನ್ನು ತಗಡಿನ ಡಬ್ಬಿಯಲ್ಲಿ ಒಂದು ದಿನ ಪೂರ್ತಿ ಆರಲು ಬಿಡಬೇಕು, ಒಳಗಿನ ಕಿಡಿ ಬೇಗ ಸಾಯುವುದಿಲ್ಲ. ಜಿಡ್ಡು ಹತ್ತದ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಹುಳಿಮಣ್ಣಿನ ತೆಂಗಿನ ಬುಡಕ್ಕೆ ತೆಳ್ಳಗೆ ಹರಡಬಹುದು. ಯೂರಿಯಾ ಅಥವಾ ಅಮೋನಿಯಂ ಗೊಬ್ಬರದೊಡನೆ ಬೆರೆಸಬಾರದು, ಸಾರಜನಕ ಗಾಳಿಗೆ ಹಾರಿಹೋಗುತ್ತದೆ.