ಕಾರ್ಖಾನೆಯ ಕಿರುಗೆರೆ: ಪ್ಲಾಸ್ಮಾ ಮೇಜಿನ ನೀರು

ಕೆರೆಗಳ ಇತಿಹಾಸವನ್ನು ಅಭ್ಯಸಿಸುವಾಗ ನಾವು ಏರಿ, ತೂಬು, ಕೋಡಿ, ಹೂಳು ಎಂಬ ನಾಲ್ಕನ್ನೂ ಮುಖ್ಯವಾಗಿ ಗಮನಿಸುತ್ತೇವೆ. ಯಶವಂತಪುರದ ನೆರೆಯ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಇವೆಲ್ಲವನ್ನೂ ನೆನಪಿಗೆ ತರುವ ಚಿಕ್ಕ ಜಲಾಶಯವೊಂದುಂಟು. ಲೋಹದ ತಗಡನ್ನು ಪ್ಲಾಸ್ಮಾದಿಂದ ಕತ್ತರಿಸುವ ಮೇಜಿನ ಅಡಿಯ ನೀರಿನ ತೊಟ್ಟಿಯೇ ಅದು. ಅದನ್ನು ತುಂಬುವ, ಬಿಡುವ, ಸೋಸುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಕಿರಿದಾದ ರಂಧ್ರದಿಂದ ಹೊಮ್ಮುವ ಅನಿಲವನ್ನು ವಿದ್ಯುತ್ ಚಾಪವು ಅತ್ಯುಷ್ಣಗೊಳಿಸಿದಾಗ ಅದು ಲೋಹವನ್ನು ಕರಗಿಸಿ ಊದಿಹಾಕುತ್ತದೆ. ಈ ವಿಧಾನಕ್ಕೆ ಅಮೆರಿಕದ ರಾಬರ್ಟ್ ಗೇಜ್ 1957ರಲ್ಲಿ ಪೇಟೆಂಟ್ ಪಡೆದರು. ಕತ್ತರಿಸುವಾಗ ಏಳುವ ಹೊಗೆ, ಸಿಡಿಯುವ ಲೋಹದ ಕಿಟ್ಟ, ಕಣ್ಣನ್ನು ಬಾಧಿಸುವ ಬೆಳಕು, ಕಿವಿಗಡಚಿಕ್ಕುವ ಸದ್ದು ಇವುಗಳನ್ನು ತಗ್ಗಿಸುವುದಕ್ಕಾಗಿಯೇ ಅಡಿಯಲ್ಲಿ ನೀರನ್ನು ನಿಲ್ಲಿಸುತ್ತಾರೆ.

ಮೊದಲು ತುಂಬುವ ವಿಚಾರ. 3 ಮೀಟರ್ ಉದ್ದ, 1.5 ಮೀಟರ್ ಅಗಲದ ತೊಟ್ಟಿಯಲ್ಲಿ ಅರ್ಧ ಮೀಟರ್ ಆಳಕ್ಕೆ ನೀರು ನಿಂತರೆ ಅದು 2,250 ಲೀಟರ್ ಆಗುತ್ತದೆ. ತಗಡನ್ನು ಇರಿಸುವಾಗ ಮಟ್ಟವು ಕೆಳಗಿರಬೇಕು; ನೀರಿನೊಳಗೇ ಕತ್ತರಿಸುವುದಾದರೆ ತಗಡು ಐದಾರು ಸೆಂಟಿಮೀಟರ್ ಮುಳುಗಬೇಕು. ಮಟ್ಟವನ್ನು 10 ಸೆಂಟಿಮೀಟರ್ ಏರಿಸಲು 450 ಲೀಟರ್ ಬೇಕು. ಪ್ರತಿ ಸಲವೂ ಇಷ್ಟನ್ನು ಹೊರಗೆ ಚೆಲ್ಲಿ ಮತ್ತೆ ತುಂಬಬೇಕಾಗಿಲ್ಲ. ತೊಟ್ಟಿಯ ತಳದಲ್ಲಿ, ಕೆಳಭಾಗ ಮಾತ್ರ ನೀರಿಗೆ ತೆರೆದ ಗಾಳಿಕೋಣೆಯೊಂದನ್ನು ರಚಿಸಿರುತ್ತಾರೆ. ಅದಕ್ಕೆ ಗಾಳಿಯನ್ನು ಒತ್ತಿದರೆ ಒಳಗಿನ ನೀರು ಹೊರಬಂದು ಮಟ್ಟ ಏರುತ್ತದೆ. ಗಾಳಿಯನ್ನು ಬಿಟ್ಟರೆ ಇಳಿಯುತ್ತದೆ. ನೀರಗಂಟಿಯು ತೂಬಿನಿಂದ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಾಳಿಯ ಕವಾಟವೊಂದು ಮಾಡುತ್ತದೆ.

ಇನ್ನು ಸೋಸುವುದು. ದಪ್ಪ ಕಿಟ್ಟವು ತಾನಾಗಿಯೇ ತಳ ಸೇರಿ ಹೂಳಾಗುತ್ತದೆ. ಮೇಲಿನ ಪಟ್ಟಿಗಳನ್ನು ತೆಗೆದು ಅದನ್ನು ಎತ್ತಬೇಕು. ನವುರಾದ ಕಣಗಳಿರುವ ನೀರನ್ನು ಬೇರೊಂದು ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟು, ಬಟ್ಟೆಯ ಚೀಲದ ಶೋಧಕದ ಮೂಲಕ ಹಾಯಿಸಿ ಹಿಂದಿರುಗಿಸಬಹುದು. ತುಕ್ಕನ್ನೂ ಪಾಚಿ ಮತ್ತು ದುರ್ವಾಸನೆಯನ್ನೂ ತಡೆಯಲು ಔಷಧಿಗಳನ್ನು ಬೆರೆಸುತ್ತಾರೆ. ಅಲ್ಯೂಮಿನಿಯಂ ಕತ್ತರಿಸುವಲ್ಲಿ ಹೂಳೆತ್ತುವುದು ಪ್ರಾಣರಕ್ಷಣೆಯ ವಿಷಯವೇ ಸರಿ; ಏಕೆಂದರೆ ಅದರ ಕಣಗಳು ನೀರಿನೊಡನೆ ವರ್ತಿಸಿ ಜಲಜನಕವನ್ನು ಬಿಡುತ್ತವೆ, ಅದು ತಗಡಿನಡಿ ಶೇಖರವಾದರೆ ಸ್ಫೋಟಿಸಬಲ್ಲುದು.

ಆದರೆ ಶೋಧಕವು ಹಿಡಿಯುವುದು ಕಣಗಳನ್ನು ಮಾತ್ರ, ಕರಗಿದ್ದನ್ನಲ್ಲ ಎಂಬುದನ್ನು ಮರೆಯಬಾರದು. ಆವಿಯಾದ ಅಂಶಕ್ಕೆ ಗಡಸು ಕೊಳವೆಬಾವಿಯ ನೀರನ್ನು ಸುರಿದಂತೆಲ್ಲ ಲವಣಗಳು ಹೆಚ್ಚುತ್ತವೆ. ಸ್ಟೇನ್‌ಲೆಸ್ ಉಕ್ಕನ್ನು ಕತ್ತರಿಸಿದಾಗ ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗಿ ಉಳಿಯಬಹುದು. ಆದುದರಿಂದ ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ಬದಲಾಯಿಸುವ ಕಾಲ ಬಂದಾಗ ಅದನ್ನು ಪರೀಕ್ಷಿಸಿಯೇ ಹೊರಬಿಡಬೇಕು. ಕ್ರೋಮಿಯಂ ಇದ್ದರೆ, ಫೆರಸ್ ಸಲ್ಫೇಟಿನಂತಹ ದ್ರವ್ಯದಿಂದ ಅದನ್ನು ಮೂರು ವೇಲೆನ್ಸಿಗೆ ಇಳಿಸಿ, ಸುಣ್ಣ ಬೆರೆಸಿ ತಳಕ್ಕಿಳಿಸಬೇಕು. ಹೀಗೆ ದೊರೆತ ಕೆಸರನ್ನೂ ಅಪಾಯಕಾರಿ ತ್ಯಾಜ್ಯವೆಂದೇ ಭಾವಿಸಿ ವಿಲೇವಾರಿ ಮಾಡಬೇಕು.

ಈ ಎಚ್ಚರವು ಅತಿಯಾದುದಲ್ಲ. ಪೀಣ್ಯದ ಅಂತರ್ಜಲದಲ್ಲಿ ಇದೇ ಕ್ರೋಮಿಯಂ ಇರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಲೋಹಲೇಪನದ ಕಾರ್ಖಾನೆಗಳ ತ್ಯಾಜ್ಯವನ್ನು ಅದಕ್ಕೆ ಪ್ರಮುಖ ಕಾರಣವೆಂದು ಗುರುತಿಸಲಾಗಿದೆ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವುದರಿಂದ ಇಲ್ಲಿ ಬಿಟ್ಟ ನೀರು ಇಲ್ಲಿಯೇ ನಿಲ್ಲುವುದಿಲ್ಲ. ವೃಷಭಾವತಿಗೆ ಸೇರಿದ್ದು ಅರ್ಕಾವತಿಯ ಮೂಲಕ ಕಾವೇರಿಗೂ, ಹೆಬ್ಬಾಳ ಕಣಿವೆಗೆ ಸೇರಿದ್ದು ದಕ್ಷಿಣ ಪಿನಾಕಿನಿಯ ಕಡೆಗೂ ಹರಿಯುತ್ತದೆ. ನಮ್ಮ ಹಿಂದಿನವರು ಕೆರೆಗಳನ್ನು ಸರಣಿಯಾಗಿ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಒದಗುತ್ತಿತ್ತು. ಕಾರ್ಖಾನೆಯ ಕಿರುಗೆರೆಯೂ ಆ ಸರಣಿಗೆ ಹೊರತಲ್ಲ. ಅದರ ತೂಬನ್ನು ತೆರೆಯುವವನು ಕೆಳಗಿನ ಊರನ್ನು ನೆನೆದು ತೆರೆಯಬೇಕು.