ಕೈಬೆರಳು ಬಿಗಿದಾಗ ಕೆಲಸ ಬಿಡಬೇಕೇ?

ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲಾಗುವುದಿಲ್ಲ. ರೊಟ್ಟಿಗೆ ಹಿಟ್ಟು ನಾದಲು, ಮಗುವಿನ ಅಂಗಿಗೆ ಗುಂಡಿ ಹಾಕಲು ಕೈ ಬರುವುದಿಲ್ಲ. ಒಂದೆರಡು ಗಂಟೆಯಲ್ಲಿ ಕೈ ಸಡಿಲವಾದರೆ ಮನೆಯವರು, "ಈಗ ಸರಿಯಾಯಿತಲ್ಲ" ಎನ್ನುತ್ತಾರೆ. ರುಮಟಾಯ್ಡ್ ಸಂಧಿವಾತದ ಲಕ್ಷಣವೇ ಇದು. ವಯಸ್ಸಾದವರ ಮಂಡಿ ಸವೆತ ಬೇರೆ, ಇದು ಬೇರೆ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ದುಡಿಯುವ ವಯಸ್ಸಿನಲ್ಲೇ ಶುರುವಾಗುವುದೂ ಉಂಟು.

ಕರಾವಳಿಯಲ್ಲಿ ಬೀಡಿ ಕಟ್ಟುವ ಸಹೋದರಿಯರನ್ನೇ ನೋಡಿ. ಎಲೆ ಕತ್ತರಿಸಲು, ಸುರುಳಿ ಸುತ್ತಲು, ತುದಿ ಮಡಚಿ ನೂಲು ಕಟ್ಟಲು ಅದೇ ಬೆರಳುಗಳು ಬೇಕು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಕೈ ನಿಧಾನವಾದಷ್ಟೂ ಸಂಪಾದನೆ ಇಳಿಯುತ್ತದೆ. ಹಾಗಾಗಿ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗಿ ಕಟ್ಟುತ್ತಲೇ ಇರುತ್ತಾರೆ. ಆ ಮಾತ್ರೆ ನೋವು ತಗ್ಗಿಸುತ್ತದೆಯೇ ಹೊರತು ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಬಹುಕಾಲ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬೇರೆ.

ಕೀಲು ಉಳಿಸುವ ಔಷಧಗಳಿವೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಹೆಚ್ಚಾಗಿ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವಂಥದ್ದು. ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಯಾವ ವಾರವೆಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಆಗಾಗ ರಕ್ತಪರೀಕ್ಷೆ ಬೇಕು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ. ಮಗು ಬೇಕೆನ್ನುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಪರಿಣಾಮ ಕಾಣಲು ಕೆಲವು ವಾರಗಳೇ ಹಿಡಿಯುತ್ತವೆ. ಎಷ್ಟೋ ಮಂದಿ ಅಷ್ಟರಲ್ಲೇ ಬಿಟ್ಟುಬಿಡುತ್ತಾರೆ!

ಎದ್ದ ಕೂಡಲೇ ಬಿಸಿನೀರಲ್ಲಿ ಕೈ ಅದ್ದಿ ಮೆಲ್ಲನೆ ಆಡಿಸಿ. ಬಿಗಿತ ಇಳಿದ ಮೇಲೆ ಕಷ್ಟದ ಕೆಲಸಕ್ಕೆ ಕೈಹಾಕಿ. ಒಂದೇ ಭಂಗಿಯಲ್ಲಿ ಕೂರದೆ ಅರ್ಧ ಗಂಟೆಗೊಮ್ಮೆ ಬೆರಳು ಚಾಚಿ. ಕತ್ತರಿ, ಸೌಟುಗಳ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸುಲಭ. ಚೀಲವನ್ನು ಬೆರಳಿಗೆ ನೇತುಹಾಕದೆ ಹೆಗಲಿಗೆ ಹಾಕಿ. ಕೀಲು ಊದಿ ಬಿಸಿಯಾದ ದಿನ ಆ ಕೈಗೆ ವಿಶ್ರಾಂತಿ ಕೊಡಲೇಬೇಕು.

ಸರಕಾರಿ ಶಾಲೆಯ ಶಿಕ್ಷಕಿಗೆ ಕಾಯಿಲೆಯಿಂದ ಅಂಗವೈಕಲ್ಯ ಬಂದರೆ, ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲವೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ನೆಲಮಹಡಿಯ ತರಗತಿ ಕೇಳಲು ಸಂಕೋಚ ಬೇಡ. ಮನೆಯಲ್ಲೇ ಬೀಡಿ ಕಟ್ಟುವವಳು ಯಾರನ್ನು ಕೇಳಬೇಕು? ಅವಳ ಪಾಲಿಗೆ ಮನೆಯವರೇ ಕಾನೂನು. ಬಟ್ಟೆ ಹಿಂಡುವುದು, ಕೊಡ ಎತ್ತುವುದು ಮಣಿಕಟ್ಟಿಗೆ ಬೀಡಿಗಿಂತ ಭಾರ. ಅವೆರಡನ್ನು ಗಂಡನೋ ಮಗನೋ ವಹಿಸಿಕೊಂಡರೆ ಅವಳ ಕೈಯಲ್ಲಿ ದುಡಿಯಲು ಬಲ ಉಳಿಯುತ್ತದೆ.